ಮೊಣಕಾಲೆತ್ತರದ ಕಲೆ

"ಗಾಳಿ ಯಾವ ಕಡೆಯಿಂದ ಬರ್ತಿದೆ ಅಂತ ನೋಡ್ಕೊಂಡು ನಿಂತ್ಕೊಳ್ಳಿ ಮೀಸೆಯವರೇ. ಆಮೇಲೆ ಕಣ್ಣೀರು ಸುರಿಸ್ತಾ ನನ್ನ ಬೈಬೇಡಿ."

"ನಿಮ್ಮನ್ನ ಬೈಯೋ ಧೈರ್ಯ ಸಾಹೇಬರಿಗೇ ಇಲ್ಲ ದೊಡ್ಡಕ್ಕ, ನನಗೆಲ್ಲಿಂದ ಬರಬೇಕು," ಎನ್ನುತ್ತಾ ಹೆಡ್ ಕಾನ್‌ಸ್ಟೇಬಲ್ ಬೆರಳು ಒದ್ದೆ ಮಾಡಿ ಗಾಳಿಗೆ ಹಿಡಿದ.

ಅವನು ಮೀಸೆ ಬೋಳಿಸಿ ಎಷ್ಟೋ ವರ್ಷವಾಗಿತ್ತು. ಹೆಸರು ಮಾತ್ರ ಹಾಗೇ ಉಳಿದಿತ್ತು. ಇನ್‌ಸ್ಪೆಕ್ಟರಮ್ಮನಿಗೂ ಅಷ್ಟೇ. ಕಸ ಗುಡಿಸುವವಳಿಂದ ಹಿಡಿದು ಠಾಣೆಯ ಬರಹಗಾರನವರೆಗೆ ಎಲ್ಲರಿಗೂ ಅವಳು ದೊಡ್ಡಕ್ಕ.

ಠಾಣೆಯ ಹಿಂದಿನ ಅಂಗಳದಲ್ಲಿ ಬಟ್ಟೆ ಒಣಹಾಕುವ ತಂತಿಗೆ ಒಂದು ಬಿಳಿ ಚಾದರ ನೇತಾಡುತ್ತಿತ್ತು. ದೊಡ್ಡಕ್ಕ ಮನೆಯಿಂದ ತಂದದ್ದು. ಮಗಳು ಚಿಕ್ಕವಳಿದ್ದಾಗ ಹರಿದ ಮೂಲೆಗೆ ಅವಳೇ ಹಾಕಿದ ತೇಪೆ ಇನ್ನೂ ಗಟ್ಟಿಯಾಗಿತ್ತು. ಅದರ ಮೇಲೆ ಇದ್ದಿಲಿನಿಂದ ಆಳೆತ್ತರದ ಒಬ್ಬ ಮನುಷ್ಯನನ್ನು ಬರೆದಿದ್ದಳು. ಗುಂಡಗಿನ ತಲೆ, ಭುಜ, ಎರಡು ಕಾಲು.

ಆ ಮನುಷ್ಯ ಸತ್ತಿದ್ದ. ಮೊನ್ನೆ ಸಂಜೆ ತನ್ನ ಮನೆಯಿರುವ ಕಟ್ಟಡದ ಮೆಟ್ಟಿಲ ಮೇಲೆ ಬೆನ್ನು ಹತ್ತಿದವನ ಮುಖಕ್ಕೆ ಕನ್ನಡಕದ ಅಂಗಡಿಯ ಹುಡುಗಿ ಮೆಣಸಿನ ಸ್ಪ್ರೇ ಹೊಡೆದಿದ್ದಳು. ನಿನ್ನೆ ಬೆಳಿಗ್ಗೆ ಅದೇ ಕಟ್ಟಡದ ನೆಲಮಾಳಿಗೆಯಲ್ಲಿ, ಕಬ್ಬಿಣದ ಮೆಟ್ಟಿಲ ಬುಡದಲ್ಲಿ, ಅವನು ತಲೆ ಒಡೆದು ಸತ್ತು ಬಿದ್ದಿದ್ದು ಕಂಡಿತ್ತು.

ನೀರಿನ ಮೀಟರ್ ಓದುವ ಕೆಲಸ ಅವನದ್ದು. ಮನೆ ಮನೆಯ ಮೆಟ್ಟಿಲು ಹತ್ತುವಾಗಲೆಲ್ಲ ಶಿಳ್ಳೆ ಹಾಕುತ್ತಿದ್ದರಿಂದ ಜನ ಅವನನ್ನು ಸೀಟಿ ಅನ್ನುತ್ತಿದ್ದರು. ಆ ಹುಡುಗಿಯನ್ನು ಕಂಡರೆ ಶಿಳ್ಳೆ ಇನ್ನಷ್ಟು ಉದ್ದವಾಗುತ್ತಿತ್ತಂತೆ.

ಸುದ್ದಿ ಕೇಳಿದ ಕೂಡಲೇ ಅವಳು ತಾನಾಗಿ ಠಾಣೆಗೆ ಬಂದು, ಬೀಗದಕೈ ಗೊಂಚಲಿಗೆ ತೂಗುಹಾಕಿದ್ದ ಪುಟ್ಟ ಡಬ್ಬಿಯನ್ನು ಬಿಚ್ಚಿ ಮೇಜಿನ ಮೇಲೆ ಇಟ್ಟಿದ್ದಳು. "ಕಣ್ಣು ಕಾಣದೆ ಬಿದ್ದಿರ್ತಾನೆ. ನಾನೇ ಕೊಂದೆ ಅಲ್ವಾ?" ಎಂದಿದ್ದಳು. ಸಾಹೇಬರಿಗೂ ಹಾಗೇ ಅನ್ನಿಸಿತ್ತು. ಬಂಧನದ ಕಾಗದಕ್ಕೆ ಇವತ್ತು ಸಂಜೆ ಅವರ ಸಹಿ ಬೀಳಬೇಕಿತ್ತು. ಅಷ್ಟರೊಳಗೆ ದೊಡ್ಡಕ್ಕನಿಗೆ ಏನು ತೋಚುತ್ತದೋ ಅದನ್ನು ಮಾಡಬಹುದಿತ್ತು.

ಅವಳಿಗೆ ತೋಚಿದ್ದು ಈ ಚಾದರ.

ಮೊದಲು ಹುಡುಗಿಯ ಡಬ್ಬಿ. ದೊಡ್ಡಕ್ಕ ಮೂರ್ನಾಲ್ಕು ಮೆಟ್ಟಿಲಿನಷ್ಟು ದೂರ ನಿಂತು ಗುಂಡಿ ಒತ್ತಿದಳು. ಸೂಜಿಗೆ ಪೋಣಿಸಿದ ದಾರದಷ್ಟು ತೆಳ್ಳಗಿನ ಧಾರೆ ನೇರವಾಗಿ ಹೋಯಿತು. ಕೈ ಸ್ವಲ್ಪ ಅಲುಗಿದ್ದಕ್ಕೆ ಇದ್ದಿಲಿನ ಕಣ್ಣು ತಪ್ಪಿಹೋಯಿತು, ಕೆನ್ನೆಯ ಮೇಲೆ ಒಂದು ಗೆರೆ ಬಿತ್ತು. ಉಳಿದ ಚಾದರ ಹಾಗೇ ಬೆಳ್ಳಗಿತ್ತು.

"ಇಷ್ಟೇನಾ?" ಎಂದ ಮೀಸೆ.

"ಮನುಷ್ಯರಿಗೆ ಹೊಡೆಯೋದು ಇಷ್ಟೇ ಇರುತ್ತೆ," ಎಂದರು ಪಕ್ಕದಲ್ಲಿ ನಿಂತಿದ್ದವರು. "ಖಾರ ಜಾಸ್ತಿ, ಹರಡೋದು ಕಡಿಮೆ. ಹೊಡೆದವರ ಮುಖಕ್ಕೇ ವಾಪಸ್ ಬರಬಾರದಲ್ಲ. ನಾಯಿಗೆ ಹೊಡೆಯೋದು ಇದರ ಉಲ್ಟಾ. ಖಾರ ಕಡಿಮೆ, ಹರಡೋದು ಜಾಸ್ತಿ. ಮೈಮೇಲೆ ಬರೋ ನಾಯಿಗೆ ಗುರಿ ಇಡೋಕೆ ಪುರುಸೊತ್ತು ಎಲ್ಲಿರುತ್ತೆ?"

ಮೆತ್ತಗಿನ ದನಿ. ಇಸ್ತ್ರಿ ಮಾಡಿದ ತೋಳು, ಸಣಕಲು ಮೈ. ಮೀಟರ್ ಕಚೇರಿಯ ಮೇಲ್ವಿಚಾರಕರು ಅವರು. ಹೊಸಬರಿಗೆ ಕೆಲಸ ಕಲಿಸುವವರು ಅವರೇ ಆದ್ದರಿಂದ ಕಚೇರಿಗೆಲ್ಲ ಮಾಸ್ತರು. ಬೀದಿನಾಯಿಗಳ ಕಾಟ ಹೆಚ್ಚಾದ ಮೇಲೆ ಕಚೇರಿ ತನ್ನ ಕೆಲಸಗಾರರಿಗೆಲ್ಲ ನಾಯಿ ಓಡಿಸುವ ಒಂದೊಂದು ದೊಡ್ಡ ಡಬ್ಬಿ ಕೊಟ್ಟಿತ್ತು. ಸೀಟಿಯದು ಅವನ ಚೀಲದಲ್ಲೇ, ಮುದ್ರೆ ಒಡೆಯದೆ ಸಿಕ್ಕಿತ್ತು. ಹೋಲಿಸಿ ನೋಡುವುದಕ್ಕೆ ಅಂಥ ಇನ್ನೊಂದು ಬೇಕು ಎಂದು ದೊಡ್ಡಕ್ಕ ಕೇಳಿದ್ದಕ್ಕೆ ಮಾಸ್ತರು ತಮ್ಮದನ್ನೇ ತಂದಿದ್ದರು.

ಹುಡುಗಿಯ ತಾಯಿಯೂ ಅದೇ ಕಚೇರಿಯಲ್ಲಿ ಮೀಟರ್ ಓದುವವಳು. ನಿನ್ನೆಯಿಂದ ಠಾಣೆಯ ಹಿಂದಿನ ಜಗಲಿಯ ಮೇಲೆ ಅವಳ ಜೊತೆ ಕೂತು, ಚಹಾ ತಂದುಕೊಟ್ಟು, ಸಮಾಧಾನ ಹೇಳುತ್ತಿದ್ದವರು ಈ ಮಾಸ್ತರೇ.

"ಇದು ನನಗೆ ಕೊಟ್ಟಿದ್ದು. ಈವರೆಗೆ ಒಂದು ಸಲವೂ ಒತ್ತಿಲ್ಲ," ಎನ್ನುತ್ತಾ ಅವರು ಕಪ್ಪು ಮುಚ್ಚಳದ ಕೆಳಗಿದ್ದ ಪ್ಲಾಸ್ಟಿಕ್ ಮುದ್ರೆಯನ್ನು ಎಲ್ಲರೆದುರು ಲಟಕ್ಕನೆ ಮುರಿದರು.

ಮುಚ್ಚಳದ ಉಂಗುರದ ಸಂದಿಯಲ್ಲಿ ಉಗುರಿನಷ್ಟು ನೀಲಿ ಉಣ್ಣೆ ಸಿಕ್ಕಿಕೊಂಡಿತ್ತು. ದೊಡ್ಡಕ್ಕನ ಕಣ್ಣು ಒಂದು ಕ್ಷಣ ಅಲ್ಲಿ ನಿಂತಿತು. ಕೈ ಜಾರದಿರಲಿ ಅಂತ ಮನೆಯವರು ಯಾರೋ ಸುತ್ತಿಕೊಟ್ಟಿರಬೇಕು ಎಂದುಕೊಂಡಳು.

"ನೀವು ಕೆಲಸದಲ್ಲಿ ಹೇಗೆ ಹೊಡೀತೀರೋ ಹಾಗೇ ಹೊಡೀರಿ ಮಾಸ್ತರೇ."

ಮಾಸ್ತರು ಡಬ್ಬಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಕೈ ಚಾಚಿ ಒತ್ತಿದರು. ಕುಕ್ಕರಿನ ಸೀಟಿ ಎದ್ದಾಗ ನುಗ್ಗುವ ಹಬೆಯ ಹಾಗೆ ಕಿತ್ತಳೆ ಬಣ್ಣದ ಮಂಜು ಬುಸ್ಸೆಂದು ಹಾರಿತು. ಇದ್ದಿಲಿನ ತಲೆ, ಭುಜ, ಎದೆ ಎಲ್ಲವೂ ಅದರಲ್ಲಿ ಮುಳುಗಿಹೋದವು. ಗಾಳಿ ತಿರುಗಿತು. ಮೀಸೆ ಕೆಮ್ಮುತ್ತಾ ಎರಡೂ ಕೈಯನ್ನು ಕಣ್ಣಿಗೆ ಒಯ್ದ.

"ಕಣ್ಣು ಉಜ್ಜಬೇಡಿ. ಇಲ್ಲೇ ನೀರಿದೆ, ಬನ್ನಿ," ಎಂದು ಮಾಸ್ತರು ಅವನ ತೋಳು ಹಿಡಿದು ನಲ್ಲಿಯ ಹತ್ತಿರ ಕರೆದೊಯ್ದರು. ಎಳೆಮಗುವಿನ ಮುಖ ತೊಳೆಯುವ ಹಾಗೆ ತೊಳೆಸಿದರು.

ದೊಡ್ಡಕ್ಕ ಚಾದರವನ್ನು ಮಡಚಿ ಉಗ್ರಾಣದ ಕತ್ತಲಿಗೆ ಒಯ್ದು ನೀಲಿ ದೀಪ ಹಿಡಿದಳು. ಹುಡುಗಿಯ ಡಬ್ಬಿ ಬರೆದ ಗೆರೆ ಮಿಂಚುಹುಳದ ಹಾಗೆ ಹಸಿರಾಗಿ ಹೊಳೆಯಿತು. ದಾಳಿ ಮಾಡಿದವನನ್ನು ಆಮೇಲೆ ಗುರುತು ಹಿಡಿಯಲಿ ಎಂದು ಅದರಲ್ಲಿ ಬಣ್ಣವೊಂದನ್ನು ಬೆರೆಸಿರುತ್ತಾರೆ. ನಾಯಿಯ ಡಬ್ಬಿಯ ಕಲೆ ಮಾತ್ರ ಹೊಳೆಯದೆ ಮಂಕಾಗಿ ಕೂತಿತ್ತು.

"ನಾಯಿಯನ್ನ ಕೋರ್ಟಿಗೆ ಹಾಜರು ಮಾಡೋ ಹಾಗಿಲ್ಲವಲ್ಲ, ಅದಕ್ಕೆ ಬಣ್ಣ ಯಾಕೆ ಅಂತ ಬಿಟ್ಟಿರ್ತಾರೆ," ಎಂದ ಮೀಸೆ, ಮೂಗು ಒರೆಸಿಕೊಳ್ಳುತ್ತಾ.

ದೊಡ್ಡಕ್ಕ ನಗಲಿಲ್ಲ. ಶವಾಗಾರದವರು ಅದೇ ನೀಲಿ ದೀಪದಲ್ಲಿ ತೆಗೆದ ಫೋಟೋ ಅವಳ ಕೈಯಲ್ಲಿತ್ತು. ಸೀಟಿಯ ಮುಖದ ಮೇಲೆ ಒಂದೇ ಒಂದು ಹಸಿರು ಗೆರೆ. ಎಡಹುಬ್ಬಿನ ತುದಿಯಿಂದ ಹೊರಟು ಕಿವಿಗೆ ಹೋಗಿ ಮುಗಿದಿತ್ತು. ಕಣ್ಣೊಳಗೆ ಏನೂ ಇರಲಿಲ್ಲ.

ಹುಡುಗಿ ಹೊಡೆದದ್ದು ಅವನ ಕಿವಿಗೆ. ಉರಿದಿರುತ್ತದೆ, ನೀರು ಸುರಿದಿರುತ್ತದೆ. ಆದರೆ ಅವನಿಗೆ ಕಣ್ಣು ಕಾಣುತ್ತಿತ್ತು.

ಮತ್ತೆ ಆ ಕಿತ್ತಳೆ ಬಣ್ಣ. ಅವಳು ಚಾದರವನ್ನು ಮತ್ತೆ ಬೆಳಕಿಗೆ ತಂದು ನೋಡಿದಳು. ಈ ಬಣ್ಣವನ್ನು ಅವಳು ನಿನ್ನೆಯೇ ಆ ನೆಲಮಾಳಿಗೆಯಲ್ಲಿ ನೋಡಿದ್ದಳು. ಪೈಪಿನ ತುಕ್ಕು ಎಂದುಕೊಂಡು ಅದರ ಪಕ್ಕದಲ್ಲೇ ದಾಟಿ ಹೋಗಿದ್ದಳು.

*

ಹೆಂಗಸರ ಕೋಣೆ ಠಾಣೆಯ ಮುಂಭಾಗದಲ್ಲಿ. ಹಿಂದಿನ ಜಗಲಿಯ, ಅಂಗಳದ ಮಾತು ಅಲ್ಲಿಗೆ ಕೇಳಿಸುವುದಿಲ್ಲ. ಹುಡುಗಿ ಕಿಟಕಿಯ ಕಡೆ ಬೆನ್ನು ಮಾಡಿ ಕೂತು ಅಂಗೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ಒರೆಸಿ ಒರೆಸಿ ಕೈ ಕೆಂಪಾಗಿತ್ತು.

"ಸಾಕು, ಬಿಡು," ಎಂದಳು ದೊಡ್ಡಕ್ಕ. "ಅಲ್ಲೇನೂ ಇಲ್ಲ."

"ದಿನಾ ಜನರ ಕಣ್ಣು ನೋಡೋ ಕೆಲಸ ನಂದು ಮೇಡಂ. ಬಲಗಣ್ಣು ಮುಚ್ಚಿ, ಎಡಗಣ್ಣಲ್ಲಿ ಓದಿ ಅಂತೀನಿ. ಮುದುಕರಿಗೆ ಅಕ್ಷರ ಕಾಣಿಸಿದ್ರೆ ಎಷ್ಟು ಖುಷಿಯಾಗತ್ತೆ ಗೊತ್ತಾ. ನಾನೇ ಒಬ್ಬರ ಕಣ್ಣಿಗೆ..."

"ಕಣ್ಣಿಗೆ ಬಿದ್ದಿಲ್ಲಮ್ಮ. ನಿನ್ನ ಗುರಿ ಅಷ್ಟೇನೂ ಚೆನ್ನಾಗಿಲ್ಲ."

ಹುಡುಗಿ ತಲೆ ಎತ್ತಿದಳು. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವಳ ಮುಖ ಹಿಂಡಿದ ಬಟ್ಟೆಯ ಹಾಗೆ ಮುದುಡಿತು. ದೊಡ್ಡಕ್ಕ ಅವಳನ್ನು ಅಳಲು ಬಿಟ್ಟಳು. ಅತ್ತು ಮುಗಿದ ಮೇಲೆ ನೀರಿನ ಲೋಟ ಮುಂದಿಟ್ಟಳು.

"ಇನ್ನೊಂದ್ಸಲ ಹೇಳು. ಹೊಡೆದೆ, ಮೇಲಕ್ಕೆ ಓಡಿದೆ. ಆಮೇಲೆ?"

"ಆಮೇಲೇನೂ ಇಲ್ಲ. ಮನೆಗೆ ಹೋಗಿ ಅಮ್ಮನಿಗೆ ಹೇಳಿದೆ. ಅಮ್ಮ ಕೈ ತೊಳಿ ಅಂದಳು."

"ಮೆಟ್ಟಿಲ ಮೇಲೆ ಬೇರೆ ಯಾರೂ ಇರಲಿಲ್ವಾ?"

"ಇರಲಿಲ್ಲ." ಲೋಟ ಕೆಳಗಿಟ್ಟಳು. "ಕೆಳಗಡೆ ಯಾರೋ ಮಾತಾಡಿಸಿದರು ಅವನನ್ನ. ಕಟ್ಟಡದವರೇ ಯಾರೋ, ಪಾಪ ಅಂತ ಸಹಾಯ ಮಾಡ್ತಿದಾರೆ ಅಂದ್ಕೊಂಡೆ. ಅದಕ್ಕೇ ಹೇಳಲಿಲ್ಲ."

"ಏನಂದ್ರು?"

"ಪೂರ್ತಿ ಕೇಳಿಸಲಿಲ್ಲ ಮೇಡಂ. ಎದೆ ಡವಡವ ಅಂತಿತ್ತು. ನೀರು ಕೊಡೋ ಮಾತು ಅನ್ನಿಸ್ತು. ಗಂಡಸು. ದನಿ ಮಾತ್ರ ಎಷ್ಟು ಮೆತ್ತಗಿತ್ತು ಅಂದ್ರೆ... ಯಾರಿಗೋ ಜ್ವರ ಬಂದಾಗ ಹತ್ತಿರ ಕೂತು ಮಾತಾಡ್ತಾರಲ್ಲ, ಹಾಗೆ. ಮತ್ತೆ ಕೇಳಿದ್ರೆ ಗುರುತು ಹಿಡೀತೀನಿ."

ದೊಡ್ಡಕ್ಕ ಬರೆದುಕೊಂಡಳು. ಬರೆದದ್ದನ್ನು ತೋಳಿನಷ್ಟು ದೂರ ಹಿಡಿದು ಓದಿ ನೋಡಿದಳು.

"ನಿಮ್ಮ ಕನ್ನಡಕದ ನಂಬರ್ ಬದಲಾಗಿದೆ ಮೇಡಂ," ಎಂದಳು ಹುಡುಗಿ, ಮೂಗು ಎಳೆದುಕೊಳ್ಳುತ್ತಾ. "ಹತ್ತಿರದ್ದು ಕಾಣಿಸ್ತಿಲ್ಲ ನಿಮಗೆ."

"ನೀನು ಅಂಗಡಿಗೆ ವಾಪಸ್ ಹೋದ ದಿನ ಬರ್ತೀನಿ," ಎಂದು ದೊಡ್ಡಕ್ಕ ಎದ್ದಳು.

*

ನೆಲಮಾಳಿಗೆಯ ಮೀಟರ್ ಕೋಣೆಗೆ ಕಿಟಕಿಯಿಲ್ಲ. ನೆಲಮಹಡಿಯ ಓಣಿಯಿಂದ ಕಡಿದಾದ ಕಬ್ಬಿಣದ ಮೆಟ್ಟಿಲು ಕೆಳಕ್ಕೆ ಇಳಿಯುತ್ತದೆ. ಒಂದು ಗೋಡೆಯ ತುಂಬ ಮನೆಮನೆಯ ನೀರಿನ ಮೀಟರುಗಳು, ಮೂಲೆಯಲ್ಲಿ ಒಂದು ನಲ್ಲಿ. ಸೀಟಿ ಕೆಳಗೆ ಬಂದದ್ದು ಆ ನಲ್ಲಿಗಾಗಿ. ಕಿವಿ, ಕೆನ್ನೆ ತೊಳೆದುಕೊಳ್ಳಲು.

ಮೀಸೆ ದೀಪ ಆರಿಸಿ ಬಾಗಿಲು ಮುಂದೆ ಮಾಡಿದ. ದೊಡ್ಡಕ್ಕ ನಲ್ಲಿಯ ಪಕ್ಕದ ಗೋಡೆಗೆ ನೀಲಿ ದೀಪ ಹಿಡಿದಳು. ಏನೂ ಹೊಳೆಯಲಿಲ್ಲ. ಮತ್ತೆ ಬೆಳಕು ಹಾಕಿಸಿದಳು. ಒದ್ದೆ ಹತ್ತಿಯಿಂದ ಗೋಡೆಯನ್ನು ಒರೆಸಿ ಮೂಗಿನ ಹತ್ತಿರ ತಂದಳು. ತುಕ್ಕಿಗೆ ಇಂಥ ಘಾಟು ಇರುವುದಿಲ್ಲ.

"ಮೀಸೆಯವರೇ, ಇಲ್ಲಿ ಬನ್ನಿ. ಈ ಕಲೆ ಎಲ್ಲಿದೆ ನೋಡಿ."

ಕಲೆ ನೆಲದಿಂದ ಶುರುವಾಗಿ ತೊಡೆಯ ಮಟ್ಟಕ್ಕೆ ನಿಂತುಹೋಗಿತ್ತು. ಮೊಣಕಾಲಿನ ಎತ್ತರದಲ್ಲಿ ಎಲ್ಲಕ್ಕಿಂತ ದಟ್ಟವಾಗಿತ್ತು. ಅದರ ನಡುವೆ ಎರಡು ಕಡೆ, ಉದ್ದುದ್ದಕ್ಕೆ, ಸುಣ್ಣದ ಗೋಡೆ ಬೆಳ್ಳಗೆ ಹಾಗೇ ಉಳಿದಿತ್ತು.

ಮೀಸೆ ಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಂತ. ಅವನ ಎರಡು ಕಾಲು ಆ ಎರಡು ಬಿಳಿ ಪಟ್ಟೆಗಳ ಮೇಲೆ ಸರಿಯಾಗಿ ಕೂತವು. ಅವನು ಬಗ್ಗಿ ತನ್ನ ಕಾಲು ನೋಡಿಕೊಂಡ.

"ಇಲ್ಲಿ ನಿಂತಿದ್ದ," ಎಂದ. "ಅವನ ಪ್ಯಾಂಟಿನ ಮೊಣಕಾಲಿನ ಹತ್ತಿರ ಕೆಂಪಗಿತ್ತು ದೊಡ್ಡಕ್ಕ. ಕೆಲಸದ ಪ್ಯಾಂಟು, ತುಕ್ಕು ಹತ್ತಿದೆ ಅಂತ ನಾನೇ ಬರೆಸಿದ್ದು."

"ನಾನೂ ಹಾಗೇ ಅಂದ್ಕೊಂಡೆ."

ಕಿಟಕಿಯಿಲ್ಲದ ಕೋಣೆ. ಮಂಜು ಒಂದೇ ಉಸಿರಿಗೆ ತುಂಬಿಕೊಂಡಿರುತ್ತದೆ. ಸೀಟಿ ಉಸಿರು ಕಟ್ಟಿ, ಕಣ್ಣು ಬಿಡಲಾಗದೆ, ಮೆಟ್ಟಿಲ ಕಡೆ ನುಗ್ಗಿ ಹತ್ತಿ, ಜಾರಿ ಹಿಂದಕ್ಕೆ ಬಿದ್ದಿದ್ದಾನೆ.

"ಆದರೆ ಮನುಷ್ಯನಿಗೆ ಹೊಡೆಯೋರು ಕಾಲಿಗೆ ಯಾಕೆ ಹೊಡೀತಾರೆ?" ಎಂದ ಮೀಸೆ.

ದೊಡ್ಡಕ್ಕನೂ ಅದನ್ನೇ ಯೋಚಿಸುತ್ತಿದ್ದಳು. ಮನಸ್ಸು ಗಾಬರಿಯಾದಾಗ ಕೈ ತನಗೆ ರೂಢಿಯಾದದ್ದನ್ನೇ ಮಾಡುತ್ತದೆ. ರಾತ್ರಿ ವಿದ್ಯುತ್ ಹೋದರೂ ಅವಳ ಕೈ ಉಪ್ಪಿನ ಡಬ್ಬಿಯನ್ನು ತಡಕದೆ ತೆಗೆಯುತ್ತಿತ್ತು. ಇಲ್ಲಿ ಡಬ್ಬಿ ಹಿಡಿದಿದ್ದ ಕೈಗೆ ನಾಯಿಯ ಎತ್ತರ ರೂಢಿಯಾಗಿತ್ತು.

ಅವಳು ಮೆಟ್ಟಿಲ ಮೇಲೆ ಕೂತು ಸಾಹೇಬರಿಗೆ ಫೋನ್ ಮಾಡಿದಳು. ಹಸಿರು ಗೆರೆ, ಕಿತ್ತಳೆ ಕಲೆ, ಎರಡು ಬಿಳಿ ಪಟ್ಟೆ ಎಲ್ಲವನ್ನೂ ಹೇಳಿದಳು. ಸಾಹೇಬರು, "ಸರಿ, ಹುಡುಗಿಯನ್ನ ಕಳಿಸಿ. ಜವಾಬ್ದಾರಿ ಇರೋರು ಯಾರಾದ್ರೂ ಒಬ್ಬರು ಸಹಿ ಹಾಕಿ ಕರ್ಕೊಂಡು ಹೋಗ್ಲಿ," ಎಂದರು. ದೊಡ್ಡಕ್ಕ ಠಾಣೆಯ ಬರಹಗಾರನಿಗೆ ಅದೇ ಮಾತು ಹೇಳಿದಳು.

ಫೋನ್ ಇಟ್ಟಾಗ ಎದೆ ಹಗುರವಾಗಬೇಕಿತ್ತು. ಆಗಲಿಲ್ಲ. ನಾಯಿಯ ಎತ್ತರ ರೂಢಿಯಿರುವ ಕೈ ಒಂದು ಇದೇ ಕಟ್ಟಡದ ಮೂರನೆಯ ಮಹಡಿಯಲ್ಲಿತ್ತು. ಮೊನ್ನೆ ಸಂಜೆ, ಮಗಳು ನಡುಗುತ್ತಾ ಒಳಗೆ ಬಂದು ಯಾರು ಏನು ಮಾಡಿದ ಎಂದು ಹೇಳಿದಾಗ, ಆ ಕೈ ಒಲೆಯ ಮುಂದೆ ಇತ್ತು.

"ತಾಯಿ ಬಟ್ಟೆ ತರ್ತೀನಿ ಅಂತ ಮನೆಗೆ ಬಂದಿದ್ದಾರಲ್ಲ," ಎಂದಳು ಮೀಸೆಗೆ. "ಕರ್ಕೊಂಡು ಬನ್ನಿ. ಮೆತ್ತಗೆ ಹೇಳಿ."

*

ತಾಯಿ ಕಬ್ಬಿಣದ ಮೆಟ್ಟಿಲನ್ನು ಒಂದೊಂದಾಗಿ ಇಳಿದು ಬಂದಳು. ತಲೆ ಸ್ನಾನ ಮಾಡಿದ್ದಳು, ಕೂದಲು ಒದ್ದೆಯಿತ್ತು. ಭುಜದಲ್ಲಿ ಬಟ್ಟೆಯ ಚೀಲ. ಸೊಂಟದ ಪಟ್ಟಿಯಲ್ಲಿ ಕಚೇರಿಯ ಡಬ್ಬಿ. ಕೆಲಸಕ್ಕೆ ಹೋಗಲಿ ಬಿಡಲಿ, ಹೊರಗೆ ಹೊರಡುವಾಗ ಅದನ್ನು ಸಿಕ್ಕಿಸಿಕೊಳ್ಳುವುದು ಅವಳಿಗೆ ಚಪ್ಪಲಿ ಮೆಟ್ಟಿದಷ್ಟೇ ಸಹಜವಾಗಿತ್ತು.

ಅವಳು ಗೋಡೆ ನೋಡಿದಳು. ಮೀಸೆಯನ್ನು ನೋಡಿದಳು. ದೊಡ್ಡಕ್ಕನ ಕೈಯಲ್ಲಿದ್ದ ಕಿತ್ತಳೆ ಹತ್ತಿಯನ್ನು ನೋಡಿದಳು.

"ಇದು ನಾಯಿ ಡಬ್ಬಿಯದ್ದು," ಎಂದಳು.

"ಹೌದಮ್ಮ."

"ಹಾಗಾದ್ರೆ ನನ್ನ ಮಗಳು ಮಾಡಿದ್ದಲ್ಲ."

"ಅಲ್ಲ."

ತಾಯಿ ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಆಮೇಲೆ ಚೀಲವನ್ನು ಕೆಳಗಿಟ್ಟು ಸೊಂಟ ನೇರ ಮಾಡಿಕೊಂಡಳು.

"ನಾನೇ ಹೊಡೆದೆ ಮೇಡಂ. ಬರ್ಕೊಳ್ಳಿ. ಅವಳನ್ನ ಬಿಟ್ಟುಬಿಡಿ."

"ಅವಳನ್ನ ಆಗಲೇ ಬಿಡೋಕೆ ಹೇಳಿದ್ದೀನಿ. ನೀವು ಅವಳಿಗೋಸ್ಕರ ಏನೂ ಒಪ್ಕೋಬೇಕಾಗಿಲ್ಲ."

"ನಾಳೆ ಇನ್ನೊಬ್ಬರು ಬಂದು ಮತ್ತೆ ಕರ್ಕೊಂಡು ಹೋಗ್ತಾರೆ. ನನಗೆ ಗೊತ್ತಿಲ್ವಾ? ಯಾರಾದ್ರೂ ಒಬ್ಬರು ಬೇಕಲ್ಲ ನಿಮಗೆ." ದನಿ ಏರಲಿಲ್ಲ. "ಅವನು ತಿಂಗಳುಗಟ್ಟಲೆ ನನ್ನ ಪಕ್ಕದಲ್ಲೇ ಕೂತು ಊಟ ಮಾಡ್ತಿದ್ದ ಮೇಡಂ. ನನ್ನ ಮಗಳ ಹಿಂದೆ ಶಿಳ್ಳೆ ಹಾಕೋನು ಅವನೇ ಅಂತ ಮೊನ್ನೆ ಅವಳು ಹೇಳೋವರೆಗೂ ನನಗೆ ಗೊತ್ತಿರಲಿಲ್ಲ. ನಾನೇ ಹೊಡೆದೆ."

"ಹೇಗೆ ಹೊಡೆದ್ರಿ? ತೋರಿಸಿ. ಒತ್ತಬೇಡಿ, ಸುಮ್ಮನೆ ಹಿಡೀರಿ ಸಾಕು. ಮೀಸೆಯವರು ಅವನ ಜಾಗದಲ್ಲಿ ನಿಂತಿರ್ತಾರೆ."

"ನನ್ನನ್ನೇ ಯಾಕೆ ದೊಡ್ಡಕ್ಕ," ಎಂದು ಮೀಸೆ ಗೊಣಗಿದ. ಆದರೂ ಹೋಗಿ ನಿಂತ.

ತಾಯಿ ಡಬ್ಬಿಯನ್ನು ಪಟ್ಟಿಯಿಂದ ತೆಗೆದಳು. ಒಂದು ಹೆಜ್ಜೆ ಹಿಂದಿಟ್ಟಳು. "ಅವನ ಮುಖಕ್ಕೆ, ಕಣ್ಣಿಗೇ ಹೊಡೆದೆ," ಎಂದಳು.

ಬಾಯಿ ಕಣ್ಣು ಎಂದಿತು. ಕೈ ತಾನಾಗಿ ಕೆಳಗಿಳಿದು ಮೀಸೆಯ ಮೊಣಕಾಲಿಗೆ ನೇರವಾಗಿ ನಿಂತಿತು.

ನಲ್ಲಿಯ ಹನಿ ಬೀಳುವ ಸದ್ದು ಕೇಳುತ್ತಿತ್ತು. ಮಗಳನ್ನು ಹೊರಗೆ ಕಳಿಸಿದ ಬಾಗಿಲಿನಿಂದಲೇ ತಾಯಿಯನ್ನು ಒಳಗೆ ಕರೆದುಕೊಂಡು ಹೋಗಬೇಕೇ?

"ಡಬ್ಬಿ ಕೊಡಿ," ಎಂದಳು.

ಡಬ್ಬಿಯ ಮುಚ್ಚಳ ಕೆಂಪಗಿತ್ತು. ಅದರ ಕೆಳಗಿನ ಪ್ಲಾಸ್ಟಿಕ್ ಮುದ್ರೆ ಹಾಗೇ ಗಟ್ಟಿಯಾಗಿತ್ತು. ಒಂದು ಸಲವೂ ಒತ್ತಿದ ಡಬ್ಬಿಯಲ್ಲ.

"ಇದು ಹೊಸದು."

"ಹೂಂ. ನಿನ್ನೆ ಬೆಳಿಗ್ಗೆ ಮಾಸ್ತರು ಬದಲಾಯಿಸಿ ಕೊಟ್ಟರು. ಹಳೇದರ ಅವಧಿ ಮುಗಿದಿದೆ ಅಂತ."

"ಹಳೇದರಲ್ಲಿ ಹೊಡೆದ್ರಿ ಅಂತೀರಾ?"

ಅವಳು ತಡವರಿಸಿದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮುಖ. "ಹೂಂ."

ದೊಡ್ಡಕ್ಕ ಅವಳ ಭುಜ ಹಿಡಿದು ಮೆಟ್ಟಿಲ ಮೇಲೆ ಕೂರಿಸಿದಳು. ತಾನೂ ಪಕ್ಕದಲ್ಲಿ ಕೂತಳು. "ನನಗೂ ಒಬ್ಬಳು ಮಗಳಿದ್ದಾಳೆ. ನಿಮ್ಮ ಜಾಗದಲ್ಲಿದ್ದಿದ್ರೆ ನಾನೂ ಹೀಗೇ ಹೇಳ್ತಿದ್ದೆನೋ ಏನೋ. ಈಗ ನಿಜ ಹೇಳಿ. ಕೈ ಅಷ್ಟು ಕೆಳಗೆ ಹಿಡಿಯೋದು ಯಾರು ಕಲಿಸಿದ್ದು?"

"ಮಾಸ್ತರೇ. ಇನ್ಯಾರು ಕಲಿಸ್ತಾರೆ? ನಾಯಿ ಮೂಗು ನಿಮ್ಮ ಎದೆ ಹತ್ತಿರ ಇರೋದಿಲ್ಲ ಅಂತಿದ್ರು. ನಾಯಿ ಮುಂದಿನ ನೆಲಕ್ಕೆ ಪರದೆ ಹಾಕಿದ ಹಾಗೆ ಹೊಡೀಬೇಕು, ಹಿಂದಕ್ಕೆ ಹೆಜ್ಜೆ ಇಡಬೇಕು. ಕೈ ಮೇಲೆತ್ತಿದ್ರೆ ಮೊಣಕೈಗೆ ಸ್ಕೇಲಿನಿಂದ ತಟ್ಟೋರು. ನೀರು ತುಂಬಿದ ಕಲಿಕೆ ಡಬ್ಬಿಯಲ್ಲಿ ಅವರೇ ದಿನಾ ಹೊಡೆದು ತೋರಿಸೋರು, ನಮ್ಮಿಂದಲೂ ಹೊಡೆಸೋರು."

ದೊಡ್ಡಕ್ಕನ ಕಣ್ಣಿಗೆ ಬೆಳಗಿನ ಅಂಗಳ ಕಟ್ಟಿತು. ಕಣ್ಣಿನ ಮಟ್ಟಕ್ಕೆ ಎತ್ತಿದ ಕೈ. ಕೆಲಸದಲ್ಲಿ ಹೇಗೋ ಹಾಗೇ ಹೊಡೀರಿ ಎಂದದ್ದಕ್ಕೆ, ಊರಿಗೆಲ್ಲ ಕೆಳಗೆ ಹಿಡಿಯಲು ಕಲಿಸಿದವರು ಮೇಲೆ ಹಿಡಿದಿದ್ದರು. ಗೋಡೆಯ ಕಲೆ ಎಷ್ಟು ಎತ್ತರದಲ್ಲಿದೆ ಎಂದು ಆಗಿನ್ನೂ ಪೊಲೀಸರಿಗೇ ಗೊತ್ತಿರಲಿಲ್ಲ.

"ನಿಮ್ಮ ಹಳೇ ಡಬ್ಬಿಯ ಮುಚ್ಚಳ ಯಾವ ಬಣ್ಣ?"

"ಕಪ್ಪು. ನಮಗೆಲ್ಲ ಮೊದಲು ಕೊಟ್ಟಿದ್ದು ಕಪ್ಪೇ. ಸೀಟಿದೂ, ಮಾಸ್ತರದ್ದೂ. ಈ ಕೆಂಪು ಈಚೆಗೆ ಬಂದಿದ್ದು. ಕೈಗೆ ಹೊಂದೋದೇ ಇಲ್ಲ, ಜಾರತ್ತೆ. ಹಳೇದಕ್ಕೆ ನಾನು ಉಣ್ಣೆ ಸುತ್ತಿದ್ದೆ."

"ಯಾವ ಉಣ್ಣೆ?"

ತಾಯಿ ಚೀಲದ ಬಾಯಿ ತೆರೆದಳು. ಮಗಳಿಗೆಂದು ಮಡಿಸಿ ತಂದಿದ್ದ ಸ್ವೆಟರ್ ಎಲ್ಲಕ್ಕಿಂತ ಮೇಲಿತ್ತು. ನೀಲಿ.

"ಇದರಲ್ಲೇ ಉಳಿದಿದ್ದು. ಯಾಕೆ ಮೇಡಂ?"

ದೊಡ್ಡಕ್ಕ ಸ್ವೆಟರಿನ ಅಂಚನ್ನು ಎರಡು ಬೆರಳಿನ ನಡುವೆ ಹಿಡಿದುಕೊಂಡೇ ಕೂತಳು. ಇವತ್ತು ಮಾಸ್ತರು ಎಲ್ಲರೆದುರು ಮುದ್ರೆ ಮುರಿದು ತೋರಿಸಿದ್ದು ತಮ್ಮ ಡಬ್ಬಿಯಲ್ಲ, ಈ ತಾಯಿಯದು. ಅವರ ಕೈಯಲ್ಲಿ ಕೆಂಪು ಮುಚ್ಚಳ ಕಂಡರೆ ಕಪ್ಪು ಎಲ್ಲಿ ಎಂದು ಯಾರಾದರೂ ಕೇಳುತ್ತಿದ್ದರು. ಅದಕ್ಕೆ ಇವಳದನ್ನು ಇಸಿದುಕೊಂಡು, ಉಣ್ಣೆ ಬಿಚ್ಚಿ, ತಮ್ಮದು ಎಂದಿದ್ದಾರೆ. ಅವರದು ಈ ಗೋಡೆಯ ಮೇಲೆ ಖಾಲಿಯಾಗಿದೆ. ಯಾಕೆ ಎಂಬುದು ಮಾತ್ರ ಅವಳಿಗೆ ಇನ್ನೂ ಗೊತ್ತಿರಲಿಲ್ಲ.

"ನಿನ್ನೆ ಬೆಳಿಗ್ಗೆ ಬದಲಾಯಿಸಿದಾಗ ಸೀಟಿ ಸತ್ತ ಸುದ್ದಿ ಬಂದಿತ್ತಾ?"

"ಇಲ್ಲ. ನಾನು ಆಗ ತಾನೇ ಕಚೇರಿಗೆ ಹೋಗಿದ್ದೆ. ಸುದ್ದಿ ಬಂದಿದ್ದು ಆಮೇಲೆ."

"ಬೇರೆಯವರದ್ದೂ ಬದಲಾಯಿಸಿದ್ರಾ?"

"ನನ್ನದೊಂದೇ." ಅವಳ ದನಿ ಸಣ್ಣಗಾಯಿತು. ಅವಳಿಗೂ ಈಗ ಏನೋ ಹೊಳೆಯುತ್ತಿತ್ತು. "ಮೇಡಂ, ಅವರು ದೇವರಂಥ ಮನುಷ್ಯ. ನಿನ್ನೆಯಿಂದ ಮನೆಗೂ ಹೋಗಿಲ್ಲ. ನೀನು ಹೋಗಿ ಸ್ನಾನ ಮಾಡ್ಕೊಂಡು ಬಾರಮ್ಮ, ಅಷ್ಟರಲ್ಲಿ ಬಿಟ್ಟರೆ ನಾನು ನೋಡ್ಕೋತೀನಿ ಅಂದ್ರು."

"ನಿಮ್ಮ ಮಗಳಿಗೆ ಅವರು ಗೊತ್ತಾ?"

"ನಾನು ಹೇಳೋದು ಕೇಳಿದ್ದಾಳೆ ಅಷ್ಟೇ. ನೋಡಿಲ್ಲ, ಮಾತಾಡಿಲ್ಲ."

ಜ್ವರ ಬಂದವರ ಹತ್ತಿರ ಕೂತು ಆಡುವಂಥ ದನಿ. ಕಣ್ಣು ಉಜ್ಜಬೇಡಿ. ಇಲ್ಲೇ ನೀರಿದೆ, ಬನ್ನಿ. ಮೇಲಕ್ಕೆ ಓಡುತ್ತಿದ್ದ ಹುಡುಗಿಗೆ ತಮ್ಮ ದನಿ ಕೇಳಿಸಿರಬಹುದು ಎಂದು ಮಾಸ್ತರಿಗೂ ಗೊತ್ತಿರುತ್ತದೆ.

ದೊಡ್ಡಕ್ಕ ಎದ್ದು ನಿಂತದ್ದು ಅವಳಿಗೇ ತಿಳಿಯಲಿಲ್ಲ. ಮೆಟ್ಟಿಲು ಹತ್ತುತ್ತಲೇ ಠಾಣೆಗೆ ಫೋನ್ ಹಚ್ಚಿದಳು.

"ಹುಡುಗಿಯನ್ನ ಕಳಿಸಬೇಡಿ. ನಾ ಬರೋವರೆಗೂ—"

"ಆಗಲೇ ಕಳಿಸಿದ್ವಲ್ಲ ದೊಡ್ಡಕ್ಕ," ಎಂದ ಬರಹಗಾರ. "ನೀವೇ ಹೇಳಿದ್ರಿ, ಜವಾಬ್ದಾರಿ ಇರೋರು ಯಾರಾದ್ರೂ ಅಂತ. ತಾಯಿ ಇರಲಿಲ್ಲ. ಮಾಸ್ತರು ಸಹಿ ಹಾಕಿ, ಅವರ ಗಾಡಿಯಲ್ಲೇ ಕೂರಿಸ್ಕೊಂಡು ಹೋದ್ರು. ಅವಳ ಫೋನೂ ಕೊಟ್ಟು ಕಳಿಸಿದ್ವಿ."

ಠಾಣೆಯಿಂದ ಈ ಕಟ್ಟಡಕ್ಕೆ ನಡೆದು ಬಂದರೂ ಇಷ್ಟು ಹೊತ್ತು ಬೇಕಿಲ್ಲ. ಗಾಡಿ ಇನ್ನೂ ಬಂದಿರಲಿಲ್ಲ.

"ಮೀಸೆಯವರೇ, ಜೀಪು," ಎಂದಳು ದೊಡ್ಡಕ್ಕ. ಮೀಸೆ ಓಡಿದ.

ಅಷ್ಟರಲ್ಲಿ ಕೆಳಗೆ ತಾಯಿಯ ಫೋನ್ ಬಡಿದುಕೊಂಡಿತು. ತಾಯಿ ಗುಂಡಿ ಒತ್ತಿದಳು. ದೊಡ್ಡಕ್ಕ ಎರಡೆರಡು ಮೆಟ್ಟಿಲು ಇಳಿದು ಬಂದು, ಸ್ಪೀಕರಿಗೆ ಹಾಕಿ, ಏನೂ ಗೊತ್ತಿಲ್ಲದ ಹಾಗೆ ಮಾತಾಡಿ ಎಂದು ಕೈಸನ್ನೆ ಮಾಡಿದಳು.

"ಅಮ್ಮ, ನನ್ನ ಬಿಟ್ಟರು," ಎಂದಳು ಹುಡುಗಿ. ಗಾಡಿಯ ಸದ್ದಿನ ನಡುವೆ ದನಿ ಸಹಜವಾಗಿತ್ತು, ಬೇಕೆಂದೇ ಸಹಜ ಮಾಡಿಕೊಂಡಷ್ಟು. "ನಿಮ್ಮ ಮಾಸ್ತರ ಜೊತೆ ಬರ್ತಿದ್ದೀನಿ. ಇದು ನಮ್ಮ ಮನೆ ದಾರಿ ಅಲ್ಲ ಅನ್ಸತ್ತೆ. ಹತ್ತಿರದ ದಾರಿ ಅಂತಿದ್ದಾರೆ."

"ಎಲ್ಲಿದ್ದೀಯ ಮಗಳೇ?"

ಒಂದು ಉಸಿರು ಎಳೆದುಕೊಂಡದ್ದು ಕೇಳಿತು.

"ಅಮ್ಮ. ಆ ಮೇಡಂ ಇದ್ದರೆ ಹೇಳು. ಮಾಸ್ತರ ದನಿ ತುಂಬಾ ಮೆತ್ತಗಿದೆ."

ಗಾಡಿಯ ಸದ್ದು ನಿಂತಿತು. ಆಮೇಲೆ, ಫೋನಿಗೆ ತೀರಾ ಹತ್ತಿರದಲ್ಲಿ, ಮಗುವನ್ನು ಮಲಗಿಸುವವರಂತೆ ಯಾರೋ ಅಂದರು: "ಫೋನ್ ಇತ್ತ ಕೊಡಮ್ಮ."

ಕರೆ ಕಡಿಯಿತು. ತಾಯಿ ದೊಡ್ಡಕ್ಕನ ಮುಖ ನೋಡಿದಳು. "ಹೆದರಬೇಡಿ ಮೇಡಂ. ಅವಳ ಹತ್ತಿರ ಡಬ್ಬಿ ಇದೆ. ನಾನೇ ಕೊಡಿಸಿದ್ದು. ಬೀಗದಕೈ ಜೊತೆ ಯಾವಾಗಲೂ ಇಟ್ಕೊಂಡಿರ್ತಾಳೆ."

ದೊಡ್ಡಕ್ಕ ತನ್ನ ಹೆಗಲ ಚೀಲವನ್ನು ಬಿಗಿಯಾಗಿ ಅವುಚಿಕೊಂಡಳು. ಹುಡುಗಿಯ ಪುಟ್ಟ ಡಬ್ಬಿ ಅದರೊಳಗಿತ್ತು.